ಬಣ್ಣ ಬದಲಿಸದ ಮಣಿ

"ಮೇಡಂ, ಕೈ ಹಿಂದಕ್ಕೆ ಕಟ್ಕೊಳ್ಳಿ. ಉಸಿರು ಆ ಕಡೆ ಬಿಡಿ," ಎಂದರು ತಕ್ಕಡಿ ಮೇಷ್ಟ್ರು.

ಜರಡಿಯಮ್ಮ ಶಾಲೆಯ ಹುಡುಗಿಯಂತೆ ಕೈ ಕಟ್ಟಿಕೊಂಡು, ಮುಖ ಗೋಡೆಯ ಕಡೆ ತಿರುಗಿಸಿ, ಕಣ್ಣನ್ನು ಮಾತ್ರ ತಕ್ಕಡಿಯ ಮೇಲೆ ಬಿಟ್ಟರು. ಕಳ್ಳರು, ಮಂತ್ರಿಗಳು, ಕೊನೆಗೆ ಕಟ್ಟಿಕೊಂಡ ಗಂಡ ಕೂಡ ಅವರಿಗೆ ಹೀಗೆ ಆಜ್ಞೆ ಮಾಡಿದ್ದಿಲ್ಲ. ಆದರೂ ಸಿಟ್ಟು ಬರಲಿಲ್ಲ. ಕೆಲಸ ಬಲ್ಲವರ ಕೋಣೆಯಲ್ಲಿ ಕೆಲಸ ಬಲ್ಲವರದೇ ರಾಜ್ಯ ಎಂಬುದು ಅವರ ಹಳೆಯ ನಂಬಿಕೆ.

ಅವರು ಸರ್ಕಾರದ ತನಿಖಾ ದಳದ ಅಧಿಕಾರಿ. ಎದುರಿಗೆ ಎಲ್ಲರಿಗೂ ಮೇಡಂ, ಬೆನ್ನ ಹಿಂದೆ ಜರಡಿಯಮ್ಮ. ಯಾರು ಏನೇ ಹೇಳಲಿ, ಜರಡಿ ಆಡಿಸದೆ ಒಳಗೆ ಬಿಟ್ಟುಕೊಳ್ಳುವವರಲ್ಲ. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಇದಕ್ಕಿಂತ ಕೆಟ್ಟ ಅಡ್ಡಹೆಸರಿನವರು ಇಲಾಖೆಯಲ್ಲಿ ಬೇಕಾದಷ್ಟು ಜನ ಇದ್ದುದರಿಂದ ಸುಮ್ಮನಿದ್ದರು.

ಮೇಷ್ಟ್ರು ಚಿಮಟದಲ್ಲಿ ಹಪ್ಪಳದಷ್ಟಗಲದ ಒಂದು ಕಾಗದವನ್ನು ಎತ್ತಿದರು. ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ತಕ್ಕಡಿಯ ಮೇಲಿಟ್ಟು, ಬಾಗಿಲು ಸರಿಸಿ, ತಾವೂ ಉಸಿರು ಹಿಡಿದರು. ಸೊಳ್ಳೆಯ ಕಾಲು ಬಿದ್ದರೂ ಅಂಕಿ ಬದಲಾಯಿಸುವ ತಕ್ಕಡಿ ಅದು. ಅಂಕಿ ನಿಂತಿತು.

"ಇದು ಒಳ್ಳೆ ದಿನದ್ದು. ಸರಿಯಾಗಿದೆ," ಎಂದು ಉಸಿರು ಬಿಟ್ಟರು.

ಆ ಕಾಗದದ ಮೇಲೆ ಇಡೀ ರಾಜ್ಯದ ವಿಮಾನ ನೀತಿ ನಿಂತಿತ್ತು. ವಿಮಾನ ನಿಲ್ದಾಣದ ಬೇಲಿಗೆ ಹೊಂದಿಕೊಂಡಿರುವ ಶಾಲೆಯ ಮಾಳಿಗೆಯ ಮೇಲೆ ಒಂದು ಯಂತ್ರವಿದೆ. ಅದು ಹಗಲೂ ರಾತ್ರಿ ಗಾಳಿಯನ್ನು ಈ ಕಾಗದದ ಮೂಲಕ ಎಳೆದುಕೊಳ್ಳುತ್ತದೆ. ಗಾಳಿಯ ದೂಳು ಕಾಗದದಲ್ಲಿ ಉಳಿಯುತ್ತದೆ. ಮರುದಿನ ಕಾಗದವನ್ನು ಇಲ್ಲಿಗೆ ತಂದು, ಗಾಜಿನ ಜಾಡಿಯಲ್ಲಿಟ್ಟು ತೇವ ಆರಿಸಿ, ಬೆಳಗ್ಗೆ ತೂಗುತ್ತಾರೆ. ತೂಕ ಮಿತಿಯೊಳಗಿದ್ದರೆ ಸರಕು ವಿಮಾನಗಳು ಹಾರಬಹುದು. ಮಿತಿ ದಾಟಿದರೆ ಆ ದಿನ ಒಂದೂ ಮೇಲೇಳುವಂತಿಲ್ಲ.

ಈಚೆಗೆ ಮೂರು ಬೆಳಗು ತೂಕ ಮಿತಿ ದಾಟಿತ್ತು. ಮೂರೂ ಸಲ ಹೂವು ಪೆಟ್ಟಿಗೆಯಲ್ಲೇ ಬಾಡಿತು, ಮೀನು ಮಂಜುಗಡ್ಡೆಯಲ್ಲೇ ನಾರಿತು. ವ್ಯಾಪಾರಿಗಳು ಕೆಂಡವಾಗಿದ್ದರು. ಇವತ್ತು ಮಧ್ಯಾಹ್ನ ಮಂತ್ರಿಮಂಡಲ ಸೇರಿ ಈ ನೀತಿಯನ್ನೇ ಕೈಬಿಡುವುದೆಂದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಯಾರೋ ಬೇಕೆಂದೇ ಗಾಳಿಗೆ ಕೆಟ್ಟ ಹೆಸರು ತರುತ್ತಿದ್ದಾರೆ ಎಂಬುದು ಜರಡಿಯಮ್ಮನವರ ಗುಮಾನಿ. ಗುಮಾನಿಯನ್ನು ಮಂತ್ರಿಗಳು ತೂಗುವುದಿಲ್ಲ. ಅವರ ಮುಂದೆ ಸಾಕ್ಷಿ ಇಡಬೇಕು.

ನೀತಿ ಉಳಿಯಬೇಕೆಂಬ ಆಸೆ ಅವರಿಗೆ ಇಲಾಖೆಯ ಆಸೆ ಮಾತ್ರ ಆಗಿರಲಿಲ್ಲ. ಅವರ ಮನೆ ಆ ಶಾಲೆಯ ಹಿಂದಿನ ಬೀದಿಯಲ್ಲೇ. ಗಂಡ ಉಬ್ಬಸದ ಮನುಷ್ಯ. ಎಷ್ಟೋ ವರ್ಷ ಆತ ಹಾಸಿಗೆಯ ಮೇಲೆ ಬೆನ್ನು ಹಚ್ಚಿ ಮಲಗಿದ್ದೇ ಇಲ್ಲ. ಕುರ್ಚಿಯಲ್ಲಿ ದಿಂಬುಗಳ ಮಧ್ಯೆ ಕೂತೇ ನಿದ್ದೆ. ಹೊಸ ನೀತಿ ಬಂದ ಮೇಲೆ ಒಂದು ದಿನ ಆತ ತಾವಾಗಿಯೇ ಹೋಗಿ ಮಂಚದ ಮೇಲೆ ಕಾಲು ಚಾಚಿ ಮಲಗಿದರು. ಜರಡಿಯಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿ, ಅಡುಗೆಮನೆಗೆ ಹೋಗಿ ಅತ್ತಿದ್ದರು.

"ಈಗ ಕೆಟ್ಟ ದಿನದ ಮೂರು ಕಾಗದ ಇಲ್ಲಿಡಿ," ಎಂದರು.

ಮೇಷ್ಟ್ರು ಲಕೋಟೆಗಳಿಂದ ಮೂರನ್ನೂ ತೆಗೆದು ಒಳ್ಳೆಯ ದಿನದ ಕಾಗದದ ಪಕ್ಕ ಜೋಡಿಸಿದರು. ನಾಲ್ಕೂ ಒಂದೇ ಬೂದು. ಅವುಗಳಲ್ಲಿ ಮೂರು ಕೆಟ್ಟ ಗಾಳಿಯವು ಎಂದರೆ ಯಾರೂ ನಂಬುವಂತಿರಲಿಲ್ಲ.

"ಬಣ್ಣ ಒಂದೇ, ತೂಕ ಮಾತ್ರ ಬೇರೆ. ಹೇಗೆ ಮೇಷ್ಟ್ರೇ?"

"ಎಲ್ಲ ದೂಳೂ ಕಪ್ಪಾಗಿರಲ್ಲ ಮೇಡಂ. ಆ ಮೂರು ದಿನವೂ ಮಂಜು ಕವಿದಿತ್ತು. ಮಂಜು ಬಿದ್ದಾಗ ದೂಳು ಮೇಲಕ್ಕೆ ಹೋಗಲ್ಲ, ಕೆಳಗೇ ಕೂರುತ್ತೆ. ಎಲ್ಲ ಪುಸ್ತಕದಲ್ಲೂ ಬರೆದಿದೆ."

ಉತ್ತರ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿದ್ದುದರಿಂದಲೇ ಯಾರೂ ಮುಂದೆ ಕೇಳಿರಲಿಲ್ಲ.

ಜರಡಿಯಮ್ಮ ಕುರ್ಚಿ ಎಳೆದುಕೊಂಡು ಕೂತರು. ಅವರು ಕೂತರೆಂದರೆ ಎದುರಿಗಿದ್ದವರಿಗೆ ಸುಮ್ಮನೆ ಬಿಡುಗಡೆಯಿಲ್ಲ. ಕೋಣೆಯ ಬೀಗದಕೈ ಯಾರ ಬಳಿ, ಕಾಗದವನ್ನು ಜಾಡಿಗೆ ಹಾಕುವವರು ಯಾರು, ತೆಗೆಯುವವರು ಯಾರು ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಒಂದೇ ಉತ್ತರ. ತಾವೇ ಎಂದು ಮೇಷ್ಟ್ರು ಹೇಳುತ್ತಾ ಹೋದರು. ಮೂರನೆಯ ಸಲ ಹೇಳುವಾಗ ಅವರಿಗೂ ಪ್ರಶ್ನೆಗಳು ಯಾವ ದಾರಿ ಹಿಡಿದಿವೆ ಎಂದು ಗೊತ್ತಾಯಿತು.

"ಅಂದ್ರೆ ಕಳ್ಳ ನಾನೇ ಅಂತೀರಾ?"

"ಕಾಗದ ಮುಟ್ಟೋರು ಊರಲ್ಲಿ ನೀವೊಬ್ಬರೇ ಅಂತೀನಿ."

ಮೇಷ್ಟ್ರ ಕಿವಿ ಕೆಂಪಾಯಿತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು, ಅದನ್ನು ಬಿಟ್ಟು ಈ ತಕ್ಕಡಿಯ ಹಿಂದೆ ಬಂದ ಮನುಷ್ಯ. ತೂಗುವ ದಿನ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚುವುದಿಲ್ಲ, ಅಂಗಿಗೆ ಪೌಡರು ಸೋಕಿಸುವುದಿಲ್ಲ. ಹೆಂಡತಿಯ ತಮ್ಮ ಹೂವಿನ ವ್ಯಾಪಾರಿ. ತೂಕ ಮಿತಿ ದಾಟಿದ ಮೊದಲ ಬೆಳಗು ಆತನ ಹೂವೂ ಬಾಡಿತ್ತು. ಆ ಮನೆಯಲ್ಲಿ ಈಗಲೂ ಭಾವ ಭಾವಮೈದುನರಿಗೆ ಮಾತಿಲ್ಲ. ಇಷ್ಟೆಲ್ಲ ಜರಡಿಯಮ್ಮನವರಿಗೆ ಗೊತ್ತಿತ್ತು. ಮನಸ್ಸಿನಲ್ಲಿ ಆತನಿಗೆ ಕೈಮುಗಿದೇ ಅವರು ಪ್ರಶ್ನೆ ಕೇಳುತ್ತಿದ್ದರು.

ಮೇಷ್ಟ್ರು ಜೇಬಿನಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟರು.

"ಕರ್ಕೊಂಡ್ಹೋಗಿ. ಆದ್ರೆ ನನ್ನ ತಕ್ಕಡಿ ಸುಳ್ಳು ಹೇಳಿದೆ ಅಂತ ಮಾತ್ರ ಹೇಳಬೇಡಿ."

"ತಕ್ಕಡಿ ಸುಳ್ಳು ಹೇಳಿದೆ ಅಂತ ನಾನೆಲ್ಲಿ ಅಂದೆ? ಅದರ ಮೇಲೆ ನಿಮಗಿಂತ ನನಗೇ ಹೆಚ್ಚು ನಂಬಿಕೆ. ಆ ಕೆಟ್ಟ ದಿನದ ಕಾಗದಗಳಲ್ಲಿ ಒಂದನ್ನ ಈಗ ಇನ್ನೊಂದು ಸಲ ತೂಗಿ."

"ತೂಗಿದ್ದನ್ನ ಮತ್ತೆ ಯಾಕೆ ತೂಗೋದು?"

"ನನ್ನ ತೃಪ್ತಿಗೆ ಅಂತ ಇಟ್ಕೊಳ್ಳಿ."

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಂದು ವಾರದಿಂದ ಇದೇ ಬಿಸಿಲು, ಒಗೆದ ಬಟ್ಟೆ ಹಿಂಡುವಷ್ಟರಲ್ಲಿ ಒಣಗುವಂಥದ್ದು. ಮೇಷ್ಟ್ರು ಗೊಣಗುತ್ತಲೇ ಚಿಮಟ ಹಿಡಿದರು. ಕಾಗದ ತಕ್ಕಡಿಯ ಮೇಲೆ ಕೂತಿತು. ಅಂಕಿ ಓಡಿ ನಿಂತಿತು.

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ಅಂಕಿ ಅಲ್ಲೇ ಇತ್ತು. ಮಿತಿಗಿಂತ ಎಷ್ಟೋ ಕೆಳಗೆ. ಒಳ್ಳೆಯ ದಿನದ ಕಾಗದಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

"ಲಕೋಟೆಯಲ್ಲಿಟ್ಟ ದೂಳು ಆವಿಯಾಗಿ ಹೋಗುತ್ತಾ ಮೇಷ್ಟ್ರೇ?"

ಮೇಷ್ಟ್ರು ಕಿಟಕಿಯಾಚೆಯ ಬಿಸಿಲನ್ನು ನೋಡಿದರು. ಕೊನೆಗೆ ಒಂದೇ ಒಂದು ಮಾತು ಹೊರಬಂತು.

"ನೀರು."

ಆ ಮಾತನ್ನು ಜರಡಿಯಮ್ಮ ಎರಡು ದಿನದಿಂದ ಹುಡುಕುತ್ತಿದ್ದರು. ದೂಳಿನ ಜೊತೆ ತೇವವನ್ನೂ ತೂಗಿದ್ದಾರೆ. ಮಂಜಿನ ದಿನ ಕಾಗದ ನೀರು ಕುಡಿದಿದೆ, ಅದು ಆರದೆಯೇ ತಕ್ಕಡಿಗೆ ಏರಿದೆ. ಗಾಳಿ ಏನೂ ತಪ್ಪು ಮಾಡಿಲ್ಲ.

"ಸಾಧ್ಯವೇ ಇಲ್ಲ," ಎಂದರು ಮೇಷ್ಟ್ರು. "ಕಾಗದ ಜಾಡಿಯಲ್ಲಿ ಆರಿದೆ. ನಾನೇ ಇಟ್ಟಿದ್ದೀನಿ. ಜಾಡೀಲಿ ಮಣಿ ಇದೆ ನೋಡಿ."

ಕಿಟಕಿಯಿಂದ ದೂರ, ಕಲ್ಲಿನ ಕಟ್ಟೆಯ ಮೇಲೆ ದಪ್ಪ ಗಾಜಿನ ಜಾಡಿ ಕೂತಿತ್ತು. ಮಧ್ಯದಲ್ಲಿ ತೂತುಗಳಿರುವ ಪಿಂಗಾಣಿ ತಟ್ಟೆ. ತಟ್ಟೆಯ ಮೇಲೆ ಕಾಗದಗಳು, ಕೆಳಗೆ ತುಂಬಾ ನೀಲಿ ಮಣಿಗಳು. ಹೊಸ ಬೂಟು ಕೊಂಡಾಗ ಪೆಟ್ಟಿಗೆಯೊಳಗೆ ಸಣ್ಣ ಪೊಟ್ಟಣ ಇಟ್ಟಿರುತ್ತಾರಲ್ಲ, ಅದರೊಳಗಿನ ಕಾಳುಗಳ ಜಾತಿಯದೇ ಇವೂ ಎಂದು ಮೇಷ್ಟ್ರು ವಿವರಿಸಿದರು. ಸುತ್ತಲಿನ ತೇವವನ್ನು ಕುಡಿಯುತ್ತವೆ. ಒಣಗಿದ್ದರೆ ನೀಲಿ, ಹೊಟ್ಟೆ ತುಂಬಿದರೆ ಗುಲಾಬಿ. ಗುಲಾಬಿಯಾದಾಗ ಒಲೆಯಲ್ಲಿಟ್ಟು ಹುರಿದರೆ ನೀರು ಬಿಟ್ಟು ಮತ್ತೆ ನೀಲಿ. ಪ್ರತಿದಿನ ಬೆಳಗ್ಗೆ ಮೇಷ್ಟ್ರು ಕೋಣೆಗೆ ಬಂದವರೇ ಮೊದಲು ನೋಡುವುದು ಮಣಿಯ ಬಣ್ಣ.

"ಇವತ್ತೂ ನೋಡಿದೆ. ನೀಲಿ."

"ಮಂಜಿನ ದಿನ?"

"ನೀಲಿ."

"ಕೊನೇ ಸಲ ಹುರಿದದ್ದು ಯಾವಾಗ?"

ಮೇಷ್ಟ್ರು ಬೆರಳು ಮಡಚಿ ದಿನ ಎಣಿಸಿದರು. ಎಣಿಸುತ್ತಲೇ ಹೋದರು.

ಹಳೆಯ ಕಟ್ಟಡದಲ್ಲಿ ವಾರಕ್ಕೊಮ್ಮೆ ಹುರಿಯುತ್ತಿದ್ದರಂತೆ. ಈ ಹೊಸ ಕೋಣೆಗೆ ಬಂದು ಸ್ವಲ್ಪ ದಿನವಾದ ಮೇಲೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಕೋಣೆ ಎಷ್ಟು ಚೆನ್ನಾಗಿ ಕಟ್ಟಿದ್ದಾರೆ, ಒಂದು ಹನಿ ತೇವವೂ ಒಳಗೆ ಬರುವುದಿಲ್ಲ ಎಂದು ಅವರು ಹೆಮ್ಮೆಪಟ್ಟುಕೊಂಡಿದ್ದರು. ನೋಡಲು ಬಂದವರಿಗೆಲ್ಲ ತೋರಿಸಿದ್ದರು. ಬಣ್ಣ ನೋಡಿ ನಂಬುವುದನ್ನು ಜೀವಮಾನವಿಡೀ ಅಭ್ಯಾಸ ಮಾಡಿಕೊಂಡ ಮನುಷ್ಯ, ಬಣ್ಣ ಬದಲಾಗದೇ ಇದ್ದದ್ದನ್ನೂ ನಂಬಿಬಿಟ್ಟಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ನೀಲಿಯ ವಿಷಯ ಯಾರೂ ಹೇಳಿಕೊಟ್ಟಿರುವುದಿಲ್ಲ.

"ಜಾಡಿ ತೆಗೀರಿ," ಎಂದರು ಜರಡಿಯಮ್ಮ.

ಮುಚ್ಚಳ ಪಕ್ಕಕ್ಕೆ ಜಾರಿತು. ಮೇಷ್ಟ್ರು ತಟ್ಟೆ ಎತ್ತಿ, ಒಂದು ಹಿಡಿ ಮಣಿಯನ್ನು ಬಿಳಿಯ ಬಟ್ಟಲಿಗೆ ಸುರಿದರು. ಟಣ್ ಟಣ್ ಎಂದು ಗಾಜಿನ ಸದ್ದಾಯಿತು.

ಆ ಸದ್ದಿಗೇ ಮೇಷ್ಟ್ರ ಕೈ ನಿಂತಿತು. ಒಂದು ಮಣಿಯನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಅದರ ನಡುವೆ ಈ ಕಡೆಯಿಂದ ಆ ಕಡೆಗೆ ಒಂದು ರಂಧ್ರ. ರಂಧ್ರದ ಬಾಯಿಗೆ ಎಳೆಯಷ್ಟು ಚಿನ್ನದ ಬಣ್ಣದ ಗೆರೆ. ಬಟ್ಟೆಗೆ ಹೊಲಿಯುವ ಗಾಜಿನ ಮಣಿ ಅದು. ವರ್ಷಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟರೂ ನೀಲಿಯಾಗಿಯೇ ಇರುತ್ತದೆ.

ಮೇಷ್ಟ್ರು ನೆಲದ ಮೇಲೇ ಕೂತರು. ಜರಡಿಯಮ್ಮ ನೀರು ತಂದುಕೊಟ್ಟರು. ಅರ್ಧ ಲೋಟ ಕುಡಿದು, ಉಳಿದರ್ಧವನ್ನು ಕೈಯಲ್ಲಿ ಹಿಡಿದುಕೊಂಡೇ ಆತ ಮಾತಾಡಿದರು.

"ಮಧ್ಯಾಹ್ನದ ಸಭೆಗೆ ನಾನೂ ಬರ್ತೀನಿ ಮೇಡಂ. ಯಾರು ಹಾಕಿದ್ರೋ ನನಗೆ ಗೊತ್ತಿಲ್ಲ. ಮುಟ್ಟಿ ನೋಡದೇ ಇದ್ದೋನು ನಾನು. ಅದನ್ನ ನನ್ನ ಬಾಯಿಂದಲೇ ಹೇಳ್ತೀನಿ."

ಎಷ್ಟು ದೊಡ್ಡ ದೊಡ್ಡ ಕುರ್ಚಿಯವರನ್ನು ಜರಡಿಯಮ್ಮ ವಿಚಾರಣೆ ಮಾಡಿದ್ದರೋ ಲೆಕ್ಕವಿಲ್ಲ. ತಪ್ಪು ತನ್ನದು ಎಂದು ಕೇಳುವ ಮೊದಲೇ ಹೇಳಿದವರು ತೀರ ವಿರಳ. ನೀವು ಬರಲೇಬೇಕು, ನಿಮ್ಮ ಮಾತಿಗೇ ತೂಕ ಹೆಚ್ಚು ಎಂದು ಆತನ ಹೆಗಲು ತಟ್ಟಿದರು.

ಇನ್ನು ಉಳಿದದ್ದು ಹಾಕಿದವರು ಯಾರು ಎಂಬುದು.

ಅವರ ತಲೆಯಲ್ಲಿ ಒಂದು ಮುಖ ಆಗಲೇ ಮೂಡಿತ್ತು. ಊರಿನವರು ಲಾರಿ ದೊರೆ ಎಂದು ಕರೆಯುವ ಸಾಗಣೆದಾರ. ವಿಮಾನ ಹಾರದ ದಿನ ಬೇಗ ಕೆಡದ ಸರಕೆಲ್ಲ ಈತನ ಲಾರಿ ಹತ್ತಿ ಬಂದರಿಗೆ ಹೋಗುತ್ತದೆ. ಬೆಳಗ್ಗೆ ಜರಡಿಯಮ್ಮ ಒಳಗೆ ಬರುವಾಗ ಆತ ಕೆಳಗಿನ ಮೆಟ್ಟಿಲಲ್ಲೇ ನಿಂತಿದ್ದ. ಇವರು ನಮಸ್ಕಾರ ಹೇಳುವ ಮುಂಚೆಯೇ, ತನ್ನ ಗಾಡಿಗಳ ಹೊಗೆಗೂ ಆ ಮೂರು ದಿನಕ್ಕೂ ಸಂಬಂಧವಿಲ್ಲ, ಬೇಕಾದರೆ ಪರೀಕ್ಷೆ ಮಾಡಿಸಿ ಎಂದು ಶುರುಮಾಡಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕುಂಬಳಕಾಯಿಯ ಹೆಸರನ್ನೇ ಎತ್ತಿರಲಿಲ್ಲ.

"ಲಾರಿಯವನು ಈ ಕೋಣೆಗೆ ಬಂದದ್ದುಂಟಾ?"

ಬಂದದ್ದುಂಟು ಎಂದರು ಮೇಷ್ಟ್ರು. ತೂಗುವುದನ್ನು ಯಾರು ಬೇಕಾದರೂ ಬಂದು ನೋಡಬಹುದು ಎಂಬುದು ಈ ನೀತಿಯಲ್ಲೇ ಇರುವ ನಿಯಮ. ಹೊಸ ಕೋಣೆ ತೆರೆದ ವಾರ ವ್ಯಾಪಾರಿಗಳೆಲ್ಲ ಗುಂಪಾಗಿ ಬಂದಿದ್ದರು. ಸರ್ಕಾರದ ಕಾರ್ಯದರ್ಶಿಯವರನ್ನು ಎದುರುಗೊಳ್ಳಲು ಮೇಷ್ಟ್ರು ಕೆಳಗೆ ಹೋಗಿದ್ದಾಗ ಲಾರಿ ದೊರೆ ಇದೇ ಕಟ್ಟೆಗೆ ಒರಗಿ ನಿಂತಿದ್ದ. ಅಂದಿನಿಂದೀಚೆಗೆ ಮಣಿ ಹುರಿದ ನೆನಪಿಲ್ಲ.

"ಬೇರೆ ಯಾರು ಒಬ್ಬರೇ ಇಲ್ಲಿಗೆ ಬರಬಲ್ಲರು?"

"ಯಾರೂ ಇಲ್ಲ. ಕಾರ್ಯದರ್ಶಿಯವರ ಹತ್ರ ಇನ್ನೊಂದು ಬೀಗದಕೈ ಇದೆ. ಅವರ ಮಾತು ಬಿಡಿ."

ಜರಡಿಯಮ್ಮ ಬಿಟ್ಟರು. ಯಾವ ಮಾತನ್ನೂ ಜರಡಿ ಹಿಡಿಯದೆ ಒಳಗೆ ಬಿಟ್ಟುಕೊಳ್ಳದ ಹೆಂಗಸು, ಈ ಒಂದನ್ನು ಹಾಗೆಯೇ ಬಿಟ್ಟುಕೊಂಡರು.

ಕಾರಣವಿತ್ತು. ಈ ನೀತಿಯನ್ನು ಬರೆದವರೇ ಆ ಕಾರ್ಯದರ್ಶಿ. ಕಚೇರಿಯಲ್ಲಿ ಕೂತು ಬರೆಯಲಿಲ್ಲ. ವಿಮಾನ ನಿಲ್ದಾಣದ ಸುತ್ತಲಿನ ಬೀದಿಗಳಲ್ಲಿ ಕಾಲ್ನಡಿಗೆಯಲ್ಲಿ ಓಡಾಡಿದರು. ಒಂದು ಮನೆಯ ಕಿಟಕಿಯ ಕಟ್ಟೆಯನ್ನು ತಮ್ಮ ಬಿಳಿ ಕರವಸ್ತ್ರದಿಂದ ಒರೆಸಿದರು. ಆ ಕರವಸ್ತ್ರವನ್ನು ಹಾಗೆಯೇ ಕೊಂಡುಹೋಗಿ ಮಂತ್ರಿಮಂಡಲದ ಮೇಜಿನ ಮೇಲೆ ಹರಡಿ, ನಮ್ಮ ವ್ಯಾಪಾರದ ನಿಜವಾದ ಬಣ್ಣ ಇದು ಎಂದರಂತೆ.

ವ್ಯಾಪಾರ ನಿಲ್ಲಿಸಿ ಎನ್ನಲಿಲ್ಲ ಆಕೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಉಪಾಯ ಹುಡುಕಿದರು. ಸರದಿಗೆ ಕಾಯುವ ವಿಮಾನ ಇಂಜಿನ್ನು ಆರಿಸಿಯೇ ನಿಲ್ಲಬೇಕು, ಬ್ಯಾಟರಿ ಗಾಡಿ ಅದನ್ನು ಎಳೆದುಕೊಂಡು ಹೋಗಬೇಕು. ಗೇಟಿನಲ್ಲಿ ಲಾರಿಗಳು ಗುರುಗುಟ್ಟುತ್ತಾ ನಿಲ್ಲುವಂತಿಲ್ಲ. ಅದಕ್ಕೆ ಬದಲಾಗಿ ಸರಕಿನ ತಪಾಸಣೆ ಒಂದೇ ಕಡೆ, ಒಂದೇ ಸಲ. ಮೊದಲು ಎಲ್ಲರೂ ನಕ್ಕರು. ಆಮೇಲೆ ಹೂವಿನ ವ್ಯಾಪಾರಿಗಳೇ ಹೊಗಳಿದರು. ಬೆಳಗ್ಗೆ ಕೊಯ್ದ ಹೂವು ಅದೇ ದಿನ ಆಕಾಶ ಸೇರುತ್ತಿತ್ತು. ಬೇಲಿಯ ಆಚೆಯ ಮಕ್ಕಳು ಕಿಟಕಿ ತೆರೆದು ಪಾಠ ಕೇಳುತ್ತಿದ್ದರು. ಒಂದೇ ಕಲ್ಲಿಗೆ ಇಷ್ಟು ಹಣ್ಣು ಉದುರಿಸಿದ ಇನ್ನೊಬ್ಬರನ್ನು ಜರಡಿಯಮ್ಮ ಸರ್ಕಾರದಲ್ಲಿ ಕಂಡಿರಲಿಲ್ಲ.

ಅವರಿಗೇ ಫೋನು ಮಾಡಿದರು. ಮಣಿಯ ಮಾತನ್ನು ಫೋನಿನಲ್ಲಿ ಆಡಬಾರದೆಂದು, ಸಾಕ್ಷಿ ಸಿಕ್ಕಿದೆ, ಗಾಳಿ ಚೆನ್ನಾಗಿಯೇ ಇತ್ತು, ನೀತಿ ಉಳಿಯುತ್ತದೆ ಎಂದಷ್ಟೇ ಹೇಳಿದರು.

ಯಾವ ಸಾಕ್ಷಿ ಎಂದು ಆ ಕಡೆಯಿಂದ ಪ್ರಶ್ನೆ ಬರಲಿಲ್ಲ. ಸಂತೋಷಕ್ಕೆ ಕೇಳಲು ಮರೆತರು ಎಂದುಕೊಂಡರು ಜರಡಿಯಮ್ಮ.

"ನೀವು ದೊಡ್ಡ ಕೆಲಸ ಮಾಡಿದ್ರಿ," ಎಂದರು ಕಾರ್ಯದರ್ಶಿ. "ಸಭೆಗೆ ನಾನೇ ನಿಮ್ಮನ್ನ ಕರ್ಕೊಂಡು ಹೋಗ್ತೀನಿ. ಕಾರಿನಲ್ಲಿ ಎಲ್ಲ ಹೇಳುವಿರಂತೆ."

ಫೋನು ಇಟ್ಟು, ಸಾಕ್ಷಿಗೆಂದು ಒಂದಷ್ಟು ಮಣಿಗಳನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದರು. ಒಂದು ಮಣಿ ಬೆರಳಿಗೆ ಅಂಟಿಕೊಂಡಂತಾಯಿತು. ನೋಡಿದರೆ ಅದರ ರಂಧ್ರದಲ್ಲಿ ಹಳದಿ ದಾರದ ತುಣುಕು ಸಿಕ್ಕಿಕೊಂಡಿತ್ತು. ಮೇಣ ಹಚ್ಚಿದ ದಾರ. ತುದಿಯಲ್ಲಿ ಪುಟ್ಟದೊಂದು ಗಂಟು. ಗಂಟಿನ ಮೇಲೆ ಇನ್ನೊಂದು ಗಂಟು.

ಜರಡಿಯಮ್ಮ ಆ ಗಂಟನ್ನು ಬೆರಳಲ್ಲಿ ಸವರಿದರು.

ಅವರ ಗಂಡ ದರ್ಜಿ. ಕೈ ಗಟ್ಟಿಯಿರುವವರೆಗೂ ನಾಟಕ ಕಂಪನಿಗಳಿಗೆ ರಾಜರಾಣಿಯರ ಉಡುಪು ಹೊಲಿದವರು. ಬೇರೆ ದರ್ಜಿಗಳು ಹತ್ತು ಮಣಿಯನ್ನು ಒಂದೇ ದಾರದಲ್ಲಿ ಓಡಿಸಿದರೆ ಇವರು ಒಂದೊಂದು ಮಣಿಗೂ ಬೇರೆ ದಾರ ಹಾಕಿ, ಗಂಟಿನ ಮೇಲೆ ಗಂಟು ಬಿಗಿಯುತ್ತಿದ್ದರು. ಒಂದು ಮಣಿ ಉದುರಿದರೆ ಪಕ್ಕದ್ದೂ ಯಾಕೆ ಉದುರಬೇಕು ಎನ್ನುತ್ತಿದ್ದರು. ಹೀಗೆ ಮಾಡಿದರೆ ನಾಟಕ ಮುಗಿದರೂ ಉಡುಪು ಮುಗಿಯುವುದಿಲ್ಲ ಎಂದು ಜರಡಿಯಮ್ಮ ಎಷ್ಟೋ ಸಲ ಗೇಲಿ ಮಾಡಿದ್ದರು. ಆ ಜೋಡಿ ಗಂಟನ್ನು ಕಣ್ಣು ಕಟ್ಟಿದರೂ ಬೆರಳಲ್ಲಿ ಗುರುತಿಸಬಲ್ಲರು.

ಮೇಷ್ಟ್ರಿಗೆ ಅವರು ಏನೂ ಹೇಳಲಿಲ್ಲ. ಕಾರ್ಯದರ್ಶಿಗೆ ಫೋನು ಮಾಡಿಸಿ, ತಾವು ಮನೆಗೆ ಹೋಗುತ್ತಿರುವುದಾಗಿಯೂ ಕಾರು ಅಲ್ಲಿಗೇ ಬರಲೆಂದೂ ತಿಳಿಸಿ ಮೆಟ್ಟಿಲಿಳಿದರು. ಲಾರಿ ದೊರೆ ಇನ್ನೂ ಕೆಳಗೇ ಇದ್ದ. ಏನೋ ಹೇಳಲು ಬಂದವನು ಇವರ ಮುಖ ನೋಡಿ ದಾರಿ ಬಿಟ್ಟ.

ಮನೆಯ ಬಾಗಿಲು ತೆರೆದರೆ ತಣ್ಣನೆಯ ಗಾಳಿ ಎದುರಾಯಿತು. ಮೊದಲು ಈ ಮನೆಯಲ್ಲಿ ಹಗಲೂ ಕಿಟಕಿ ಮುಚ್ಚಿರುತ್ತಿತ್ತು, ಸಂದಿಗಳಿಗೆ ಹಳೆಯ ಬಟ್ಟೆ ತುರುಕಿರುತ್ತಿತ್ತು. ಈಗ ಎರಡೂ ಕಿಟಕಿ ಹಾರುಹೊಡೆದಿದ್ದವು. ಯಜಮಾನರು ಊಟ ಮುಗಿಸಿ ಮಂಚದ ಮೇಲೆ ಬೆನ್ನು ಹಚ್ಚಿ ಮಲಗಿದ್ದರು. ಎದೆ ಒಂದೇ ಸಮನೆ ಏರಿ ಇಳಿಯುತ್ತಿತ್ತು. ಬೇಲಿಯ ಆಚೆ ಒಂದು ವಿಮಾನ ಮೇಲೆದ್ದ ಸದ್ದಾಯಿತು. ಅವರು ಮಗ್ಗುಲು ಕೂಡ ಬದಲಿಸಲಿಲ್ಲ.

ಜರಡಿಯಮ್ಮ ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಹಳೆಯ ರಾಣಿಯ ಉಡುಪೊಂದನ್ನು ಬಿಚ್ಚಿ ತೆಗೆದ ನೀಲಿ ಮಣಿಗಳು ಅದರಲ್ಲಿ ತುಂಬಿರುತ್ತಿದ್ದವು. ಈಗ ತಳದಲ್ಲಿ ಎರಡು ಸೂಜಿ, ಒಂದು ಮೇಣದ ತುಂಡು.

"ರೀ, ಏಳಿ. ಈ ಡಬ್ಬೀಲಿದ್ದ ಮಣಿ ಎಲ್ಲಿ?"

ಯಜಮಾನರು ಕಣ್ಣುಜ್ಜಿಕೊಂಡು ಎದ್ದು ಕೂತರು. "ಜರಡಿ ಹಿಡಿಯೋಕೆ ಇವತ್ತು ಬೇರೆ ಯಾರೂ ಸಿಗಲಿಲ್ಲವೇನೇ?"

"ತಮಾಷೆ ಬೇಡ. ಯಾರಿಗೆ ಕೊಟ್ರಿ?"

ಆ ದನಿಗೆ ಅವರ ನಿದ್ದೆ ಹಾರಿತು. ಕೊಟ್ಟಿದ್ದು ನಿಜ ಎಂದರು. ಒಬ್ಬ ಹೆಂಗಸು ಬಂದಿದ್ದರು, ಆಗ ಜರಡಿಯಮ್ಮ ಕೆಲಸದ ಮೇಲೆ ಹೊರಗೂರಿಗೆ ಹೋಗಿದ್ದರು. ಅಣ್ಣನ ಮಗಳ ನಾಟಕದ ಉಡುಪಿಗೆ ನೀಲಿ ಮಣಿ ಬೇಕು, ಅಂಗಡಿಗಳಲ್ಲಿ ಈ ತರಹದ್ದು ಸಿಗುತ್ತಿಲ್ಲ, ನೀವು ಹಳೆಯ ಕಂಪನಿ ದರ್ಜಿ ಎಂದು ಕೇಳಿ ಬಂದೆ ಎಂದರಂತೆ. ನೆಲದ ಮೇಲೇ ಕೂತು, ಒಂದೊಂದೇ ಮಣಿಯನ್ನು ಬೆಳಕಿಗೆ ಹಿಡಿದು ನೋಡಿ ಆರಿಸಿಕೊಂಡರಂತೆ. ಅಷ್ಟು ಒಳ್ಳೆಯ ಹೆಂಗಸನ್ನು ತಾನು ನೋಡಿರಲಿಲ್ಲ. ಹೋಗುವಾಗ ಉಬ್ಬಸ ಈಗ ಹೇಗಿದೆ ಎಂದು ಕೇಳಿದರಂತೆ.

"ಯಾರೂಂತ ಹೇಳಲಿಲ್ವಾ?"

"ಹೇಳಿದ್ರು. ನಿನಗೆ ಹೇಳಬೇಡಿ ಅಂದ್ರು. ಅಧಿಕಾರಿಯ ಮನೆಯಿಂದ ವಸ್ತು ಒಯ್ದೆ ಅಂತ ಮಾತು ಬರುತ್ತೆ ಅಂತ."

ಹೊರಗೆ ಕಾರಿನ ಸದ್ದಾಯಿತು. ಹಾರ್ನು ಎರಡು ಸಲ ಮೆಲ್ಲಗೆ ಕೇಳಿಸಿತು. ಯಜಮಾನರು ಎದ್ದು ಕಿಟಕಿಗೆ ಹೋಗಿ ಬಗ್ಗಿ ನೋಡಿದರು. ಅವರ ಮುಖವೆಲ್ಲ ಅರಳಿತು.

"ನೋಡು, ನೆನೆಸಿಕೊಳ್ಳುತ್ತಲೇ ಬಂದ್ರು. ಅವರೇ. ಮಣಿ ಒಯ್ದೋರು ಅವರೇ."

ಜರಡಿಯಮ್ಮ ಹತ್ತಿರ ಬಂದು ನೋಡಿದರು. ಕೆಳಗೆ ಸರ್ಕಾರಿ ಕಾರಿನ ಬಾಗಿಲು ಹಿಡಿದು ಕಾರ್ಯದರ್ಶಿ ನಿಂತಿದ್ದರು. ತಲೆಯೆತ್ತಿ ಇಬ್ಬರನ್ನೂ ಕಂಡು ಕೈಬೀಸಿದರು.

ಬೇಲಿಯೇ ಎದ್ದು ಹೊಲ ಮೇಯುವುದನ್ನು ಜರಡಿಯಮ್ಮ ಬೇಕಾದಷ್ಟು ನೋಡಿದ್ದರು. ಈ ಬೇಲಿಯನ್ನು ಕಟ್ಟಿದ ಕೈ ಇದು. ತಾನೇ ಕಟ್ಟಿದ್ದನ್ನು ಯಾರಾದರೂ ಯಾಕೆ ಕಿತ್ತುಹಾಕುತ್ತಾರೆ? ಅದನ್ನು ಆಕೆಯ ಬಾಯಿಂದಲೇ ಕೇಳಬೇಕಿತ್ತು. ಚೀಲದೊಳಗೆ ಮಣಿಗಳು ಭಾರವಾಗಿದ್ದವು. ಅವನ್ನು ಸಭೆಯಲ್ಲಿ ಇಟ್ಟರೆ ನೀತಿ ಉಳಿಯುತ್ತದೆ, ಅದನ್ನು ಬರೆದವರು ಉಳಿಯುವುದಿಲ್ಲ. ಇಡದಿದ್ದರೆ ನಾಳೆಯಿಂದಲೇ ಈ ಕಿಟಕಿ ಮುಚ್ಚಬೇಕು. ಆ ಮಂಚ ಮತ್ತೆ ಬಟ್ಟೆ ಮಡಿಸಿಡುವ ಜಾಗವಾಗುತ್ತದೆ.

"ನೀವು ಹೇಗೆ ಕೊಟ್ರಿ ರೀ?" ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

"ಕೊಡದೆ ಇರ್ತಾರೇನೆ? ನನ್ನ ಉಸಿರು ವಾಪಸ್ ಕೊಟ್ಟೋರಿಗೆ ಒಂದು ಡಬ್ಬಿ ಮಣಿ ಹೆಚ್ಚಾ?"

ಯಜಮಾನರು ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಇವಳು ಬಂದಳು ತಾಯೀ, ಈಗ ಇಳಿದು ಬರುತ್ತಾಳೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು. ಅಷ್ಟು ಜೋರಾಗಿ ಕೂಗಿದರೂ ಅವರಿಗೆ ಕೆಮ್ಮು ಬರಲಿಲ್ಲ.